ಲ್ಯಾಂಕಾಸ್ಟರ್ ಕೋಟೆಯ ಸೆರೆಯಲ್ಲಿ ಊಟ ಹಾಕುತ್ತಿದ್ದವರು ಯಾರು?

ಪ್ರಶ್ನೆ: ಕೆಲಸದ ಮೇಲೆ ಮ್ಯಾಂಚೆಸ್ಟರಿನಲ್ಲಿದ್ದೇನೆ. ಊರಿನಿಂದ ಬಂದಿದ್ದ ಅಪ್ಪ ಅಮ್ಮನನ್ನು ಲ್ಯಾಂಕಾಸ್ಟರ್ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಗೈಡ್ ನಮ್ಮನ್ನೆಲ್ಲ ಒಂದು ಕಲ್ಲಿನ ಕೋಣೆಯೊಳಗೆ ಬಿಟ್ಟು, ಬಾಗಿಲು ಹಾಕಿ, ದೀಪ ಆರಿಸಿದರು. ಅಮ್ಮ ನನ್ನ ಕೈ ಬಿಡಲೇ ಇಲ್ಲ. ಹೊರಗೆ ಬಂದಮೇಲೆ ಅಪ್ಪ ಕೇಳಿದರು: "ಇದರೊಳಗೆ ತಿಂಗಳುಗಟ್ಟಲೆ ಹೆಂಗಿರ್ತಿದ್ರೋ? ಇವರಿಗೆ ಊಟ ಯಾರು ಹಾಕ್ತಿದ್ರು?" ನನಗೆ ಉತ್ತರ ಗೊತ್ತಿರಲಿಲ್ಲ. ಎಲ್ಲರೂ ಹೀಗೆ ಕತ್ತಲಲ್ಲೇ ಇದ್ದರೇ? ಸಾಲ ತೀರಿಸದವರನ್ನೂ ಇಲ್ಲಿಗೇ ತಂದು ಹಾಕುತ್ತಿದ್ದರಂತೆ, ಅದು ಹೇಗೆ? 2011ರವರೆಗೂ ಇದು ಜೈಲಾಗಿಯೇ ಇತ್ತು ಅನ್ನುವುದು ನಿಜವೇ?

ಉತ್ತರ: ನಿಮ್ಮ ತಂದೆಯವರ ಪ್ರಶ್ನೆ ನನಗೆ ಬಹಳ ಹಿಡಿಸಿತು. ಹಳೆಯ ಸೆರೆಮನೆ ನೋಡಿ ಬಂದವರು ಕೇಳುವುದು ಸಾಮಾನ್ಯವಾಗಿ ಬೇಡಿ, ಸಂಕೋಲೆ, ಗಲ್ಲುಗಂಬದ ವಿಷಯ. ಊಟದ ವಿಷಯ ಕೇಳುವವರು ಕಡಿಮೆ. ಲ್ಯಾಂಕಾಸ್ಟರ್ ಕೋಟೆಯೊಳಗಿನ ಬದುಕನ್ನು ಬಿಡಿಸಿ ನೋಡಬೇಕಾದರೆ ಹಿಡಿಯಬೇಕಾದ ಎಳೆ ಅದೇ. ಬಹುಕಾಲ ಅಲ್ಲಿ ಅವರವರ ಊಟ ಅವರವರದ್ದೇ. ಊಟವಷ್ಟೇ ಏಕೆ, ಮಲಗುವ ಹುಲ್ಲಿಗೆ, ಕಾಲಿನ ಬೇಡಿ ಹಗುರ ಮಾಡಿಸಿಕೊಳ್ಳುವುದಕ್ಕೆ, ಕೊನೆಗೆ ನಿರಪರಾಧಿ ಎಂದು ತೀರ್ಪಾದಮೇಲೆ ಹೊಸ್ತಿಲು ದಾಟುವುದಕ್ಕೂ ಜೈಲರನ ಕೈಗೆ ದುಡ್ಡು ಹಾಕಬೇಕಿತ್ತು.

ಇದು ನಮಗೆ ವಿಚಿತ್ರವಾಗಿ ಕೇಳಿಸುವುದಕ್ಕೆ ಕಾರಣವಿದೆ. ಜೈಲು ಎಂದರೆ ಶಿಕ್ಷೆ, ಆ ಶಿಕ್ಷೆ ಕೊಡುವುದು ಸರ್ಕಾರ, ಹಾಗಾಗಿ ಅನ್ನ ಹಾಕುವ ಹೊಣೆಯೂ ಸರ್ಕಾರದ್ದೇ ಎಂದು ನಾವು ತಿಳಿದುಕೊಂಡಿದ್ದೇವೆ. ಜೈಲಿಗೆ ಹೋದವನನ್ನು "ಮುದ್ದೆ ಮುರಿಯೋಕೆ ಹೋಗಿದಾನೆ" ಅನ್ನುವ ನಮ್ಮ ಮಾತಿನಲ್ಲೂ ಮುದ್ದೆ ಮಾಡಿ ಹಾಕುವವರು ಒಬ್ಬರಿದ್ದಾರೆ ಅನ್ನುವ ನಂಬಿಕೆ ಇದೆ. ಲ್ಯಾಂಕಾಸ್ಟರ್ ಕೋಟೆಯಲ್ಲಿ ಕೈದಿಗಳಿದ್ದ ಮೊದಲ ದಾಖಲೆ 1196ರದ್ದು. ಅಲ್ಲಿಂದ ಮುಂದಿನ ಐದಾರು ನೂರು ವರ್ಷ ಅದು ಮುಖ್ಯವಾಗಿ ಕಾಯುವ ಜಾಗವಾಗಿತ್ತು. ವಿಚಾರಣೆಗೆ ಕಾಯುವವರು, ಗಲ್ಲಿಗೆ ಕಾಯುವವರು, ಸಾಲ ತೀರುವುದಕ್ಕೆ ಕಾಯುವವರು. ಶಿಕ್ಷೆ ಎಂದರೆ ಗಲ್ಲು, ಚಾಟಿಯೇಟು, ಬರೆ, ಮುಂದೆ ಗಡೀಪಾರು. ಇಷ್ಟು ವರ್ಷ ಜೈಲುವಾಸ ಎಂದು ಎಣಿಸಿ ಕೊಡುವ ಪದ್ಧತಿ ಬೇರೂರಿದ್ದು ಬಹಳ ತಡವಾಗಿ.

ಕಾಯುವುದೂ ಚಿಕ್ಕದಾಗಿರಲಿಲ್ಲ. ದೊಡ್ಡ ಅಪರಾಧಗಳ ವಿಚಾರಣೆ ನಡೆಸಲು ರಾಜನ ನ್ಯಾಯಾಧೀಶರೇ ಬರಬೇಕಿತ್ತು. ಅವರು ಲ್ಯಾಂಕಾಸ್ಟರಿಗೆ ಬರುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ, ವಸಂತದ ಮುಂಚೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ. ಈ ಸಂಚಾರಿ ನ್ಯಾಯಪೀಠಕ್ಕೆ ಅಸೈಜ್ ಎಂದು ಹೆಸರು. 1835ರವರೆಗೆ ಇಡೀ ಲ್ಯಾಂಕಾಶೈರ್ ಕೌಂಟಿಗೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ), ಅಂದರೆ ಹತ್ತಿಗಿರಣಿಗಳಿಂದ ಉಬ್ಬಿಹೋಗಿದ್ದ ಮ್ಯಾಂಚೆಸ್ಟರ್, ಲಿವರ್‌ಪೂಲ್‌ಗಳನ್ನೂ ಸೇರಿಸಿ, ಅಸೈಜ್ ಕೂರುತ್ತಿದ್ದದ್ದು ಈ ಒಂದೇ ಕೋಟೆಯಲ್ಲಿ. ನ್ಯಾಯಾಧೀಶರು ಹೊರಟುಹೋದ ಮರುವಾರ ಸಿಕ್ಕಿಬಿದ್ದವನ ಗತಿ ಊಹಿಸಿ. ಆತ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಯಾರಾದರೂ ಕೇಳುವ ಹೊತ್ತಿಗೆ ಹೊಲದಲ್ಲಿ ಒಂದು ಬೆಳೆ ಬಂದು ಹೋಗಿರುತ್ತಿತ್ತು.

1612ರ ಪೆಂಡಲ್ ಮಾಟಗಾತಿಯರ ಕಥೆ ನಿಮಗೆ ಗೈಡ್ ಹೇಳಿಯೇ ಹೇಳಿರುತ್ತಾರೆ. ನಾನು ಅದರಲ್ಲಿ ಒಂದು ಭಾಗವನ್ನಷ್ಟೇ ಎತ್ತಿಕೊಳ್ಳುತ್ತೇನೆ. ಮಾಟ ಮಾಡಿ ಕೊಂದರೆಂಬ ಆರೋಪದ ಮೇಲೆ ಪೆಂಡಲ್ ಗುಡ್ಡದ ಸುತ್ತಲಿನ ಕೆಲವು ಬಡ ಹೆಂಗಸರನ್ನು ಏಪ್ರಿಲ್ ಮೊದಲಲ್ಲೇ ಕೋಟೆಗೆ ತಂದು ಹಾಕಿದರು. ವಿಚಾರಣೆ ಆದದ್ದು ಆಗಸ್ಟ್ 18 ಮತ್ತು 19ರಂದು. ನಾಲ್ಕೂವರೆ ತಿಂಗಳು ನೆಲದಡಿಯ ಸೆರೆ. ಬಾವಿ ಬುರುಜು ಎಂದು ಕರೆಯುವ ಗೋಪುರದ ಕೆಳಗೆ ಅವರನ್ನು ಇಟ್ಟಿದ್ದರು ಎನ್ನುತ್ತಾರೆ. ಅಲ್ಲಿ ನೆಲಕ್ಕೆ ಬಡಿದ ಕಬ್ಬಿಣದ ಬಳೆಗಳಿವೆ. ನಮ್ಮ ಉತ್ತರ ಕರ್ನಾಟಕದ ಹಗೇವು ನೋಡಿದವರಿಗೆ ಆ ಜಾಗದ ಅಂದಾಜು ಸಿಗುತ್ತದೆ. ಜೋಳ ಕೆಡದಂತೆ ಇಡಲು ತೋಡಿದ ಹಗೇವಿನಲ್ಲಾದರೂ ನೆಲ ಒಣಗಿರುತ್ತದೆ, ಇಲ್ಲಿ ಗೋಡೆಯೇ ಬೆವರುತ್ತದೆ. ಡೆಮ್‌ಡೈಕ್ ಎಂದು ಊರವರು ಕರೆಯುತ್ತಿದ್ದ ಎಲಿಜಬೆತ್ ಸದರ್ನ್ಸ್‌ಗೆ ಎಂಬತ್ತರ ಆಸುಪಾಸು, ಕಣ್ಣು ಕಾಣುತ್ತಿರಲಿಲ್ಲ. ವಿಚಾರಣೆಯ ದಿನ ಬರುವ ಮೊದಲೇ ಆ ಮುದುಕಿ ಸೆರೆಯೊಳಗೇ ತೀರಿಕೊಂಡಳು. ಆಗಸ್ಟ್ 20ರಂದು ಊರ ಹೊರಗಿನ ದಿಬ್ಬದಲ್ಲಿ ಹತ್ತು ಜನರನ್ನು ಗಲ್ಲಿಗೇರಿಸಿದರು.

ಅವರಲ್ಲಿ ಒಬ್ಬಳು ಡೆಮ್‌ಡೈಕಳ ಮಗಳು ಎಲಿಜಬೆತ್ ಡಿವೈಸ್. ಆಕೆಯ ವಿರುದ್ಧ ಸಾಕ್ಷಿ ಹೇಳಿದವಳು ಆಕೆಯದೇ ಮಗಳು ಜೆನೆಟ್, ವಯಸ್ಸು ಸುಮಾರು ಒಂಬತ್ತು. ಮಗು ಎಲ್ಲರಿಗೂ ಕಾಣಲಿ ಎಂದು ಅವಳನ್ನು ಮೇಜಿನ ಮೇಲೆ ನಿಲ್ಲಿಸಿದರು. ಈ ಚಿತ್ರ ಎಲ್ಲರಿಗೂ ಗೊತ್ತು. ಇಪ್ಪತ್ತು ವರ್ಷ ದಾಟಿದ ಮೇಲೆ ನಡೆದದ್ದು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. 1634ರಲ್ಲಿ ಅದೇ ಸೀಮೆಯಲ್ಲಿ ಎಡ್ಮಂಡ್ ರಾಬಿನ್ಸನ್ ಎಂಬ ಹತ್ತು ವರ್ಷದ ಹುಡುಗ ಇನ್ನೊಂದು ಮಾಟದ ಕಥೆ ಹೇಳಿದ. ಆರೋಪಕ್ಕೆ ಸಿಕ್ಕಿ ತಪ್ಪಿತಸ್ಥರೆನಿಸಿಕೊಂಡವರಲ್ಲಿ ಜೆನೆಟ್ ಡಿವೈಸ್ ಎಂಬ ಹೆಂಗಸೂ ಇದ್ದಳು. ಮೇಜಿನ ಮೇಲೆ ನಿಂತಿದ್ದ ಮಗುವೇ ಇವಳು ಎಂದು ಹಲವು ಚರಿತ್ರಕಾರರು ನಂಬುತ್ತಾರೆ. ಈ ಸಲ ನ್ಯಾಯಾಧೀಶರಿಗೆ ಅನುಮಾನ ಬಂತು, ವಿಷಯ ರಾಜ ಮೊದಲನೇ ಚಾರ್ಲ್ಸ್‌ವರೆಗೂ ಹೋಯಿತು, ಕೆಲವರನ್ನು ಲಂಡನ್ನಿಗೆ ಕರೆಸಿ ಪರೀಕ್ಷಿಸಿದರು. ರಕ್ತ ಸಂಚಾರದ ಗುಟ್ಟು ಕಂಡುಹಿಡಿದ ವಿಲಿಯಂ ಹಾರ್ವೆಯೇ ಆ ಪರೀಕ್ಷೆಯ ಮೇಲ್ವಿಚಾರಣೆ ನೋಡಿಕೊಂಡವನು. ಹುಡುಗ ತಾನು ಹೇಳಿದ್ದೆಲ್ಲ ಸುಳ್ಳು ಎಂದು ಒಪ್ಪಿಕೊಂಡ. ಯಾರಿಗೂ ಗಲ್ಲಾಗಲಿಲ್ಲ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ 1636ರ ಆಗಸ್ಟ್ 22ರ ಕೈದಿಗಳ ಪಟ್ಟಿಯೊಂದು ಉಳಿದುಬಂದಿದೆ. ಜೆನೆಟ್ ಡಿವೈಸ್ ಹೆಸರು ಅದರಲ್ಲಿ ಇನ್ನೂ ಇದೆ. ಅಪರಾಧ ಹೋಯಿತು, ಶಿಕ್ಷೆ ಹೋಯಿತು, ಉಳಿದದ್ದು ಬಾಕಿ. ಇಷ್ಟು ದಿನ ಕೋಟೆಯಲ್ಲಿ ಇದ್ದ ಖರ್ಚು ಕಟ್ಟದೆ ಹೊರಗೆ ಬಿಡುವ ಹಾಗಿರಲಿಲ್ಲ. ಹೊರಗೆ ಬಿಡದೆ ಅವಳು ದುಡಿದು ಕಟ್ಟುವುದು ಎಲ್ಲಿಂದ? ಆ ಪಟ್ಟಿಯ ಆಚೆಗೆ ಅವಳ ಸುಳಿವಿಲ್ಲ. ನೀವು ನಿಂತಿದ್ದ ಆ ಕತ್ತಲ ಕೋಣೆಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಈ ಒಂದು ಹೆಸರು.

ಜೈಲರನನ್ನು ರಾಕ್ಷಸ ಎಂದುಕೊಂಡರೂ ಲೆಕ್ಕ ಪೂರ್ತಿ ಆಗುವುದಿಲ್ಲ. ಅವನಿಗೆ ಸಂಬಳವೇ ಇರುತ್ತಿರಲಿಲ್ಲ. ಹಳೆಯ ಇಂಗ್ಲೆಂಡಿನಲ್ಲಿ ಜೈಲರಿಕೆ ಒಂದು ಉದ್ಯೋಗ ಅನ್ನುವುದಕ್ಕಿಂತ ಗುತ್ತಿಗೆಗೆ ಹತ್ತಿರ. ನಮ್ಮಲ್ಲಿ ಸಂತೆಯ ಸುಂಕ ಹರಾಜು ಹಿಡಿದವನು ವಸೂಲಿ ಮಾಡಿ ತಾನು ಬದುಕುತ್ತಿದ್ದ ಹಾಗೆ, ಅವನು ಕೈದಿಗಳಿಂದ ವಸೂಲಿ ಮಾಡಿ ಬದುಕಬೇಕು. ಒಳಗೆ ಬರುವಾಗ ಒಂದು ಶುಲ್ಕ, ಹೋಗುವಾಗ ಒಂದು. ಭಾರದ ಬೇಡಿ ತೆಗೆದು ಹಗುರದ್ದು ಹಾಕಲು ಒಂದು. ಹಾಸಿಗೆಗೆ, ಬೆಂಕಿಗೆ, ಬಿಯರಿಗೆ ಬೇರೆಬೇರೆ. ಹಣವಿದ್ದವನಿಗೆ ಕಿಟಕಿ ಇರುವ ಕೋಣೆ, ಇಲ್ಲದವನಿಗೆ ನೆಲದಡಿ. ನೀವು ಕೇಳಿದ "ಎಲ್ಲರೂ ಕತ್ತಲಲ್ಲೇ ಇದ್ದರೇ" ಎಂಬುದಕ್ಕೆ ಇದೇ ಉತ್ತರ: ಬೆಳಕಿಗೂ ದರ ಇತ್ತು.

ಕೈದಿಗಳೂ ಕೈದಿಗಳನ್ನು ಬಿಡುತ್ತಿರಲಿಲ್ಲ. ಹೊಸಬ ಒಳಗೆ ಬಂದರೆ ಹಳಬರೆಲ್ಲ ಸುತ್ತುಗಟ್ಟಿ ಕುಡಿಯಲು ಕಾಸು ಕೇಳುವರು. ಇದಕ್ಕೆ ಗಾರ್ನಿಷ್ ಎಂದು ಹೆಸರು. ಕೊಡಲಾಗದವನ ಮೈಮೇಲಿನ ಬಟ್ಟೆ ಬಿಚ್ಚಿಕೊಳ್ಳುವರು. ಚಳಿದೇಶದಲ್ಲಿ ಕೋಟು ಹೋಯಿತೆಂದರೆ ಅರ್ಧ ಜೀವ ಹೋದ ಹಾಗೆ. ತೀರಾ ಗತಿಯಿಲ್ಲದ ಅಪರಾಧಿ ಕೈದಿಗೆ ಕೌಂಟಿಯಿಂದ ದಿನಕ್ಕೆ ಒಂದಿಷ್ಟು ಬ್ರೆಡ್ ಸಿಗುತ್ತಿದ್ದದ್ದುಂಟು. ಉಳಿದದ್ದು ಮನೆಯವರು ತಂದು ಕೊಟ್ಟ ಬುತ್ತಿ, ಧರ್ಮಿಷ್ಠರ ದಾನ. ಮನೆ ಎಪ್ಪತ್ತು ಎಂಬತ್ತು ಕಿಲೋಮೀಟರ್ ಆಚೆ ಇದ್ದವನಿಗೆ ಬುತ್ತಿ ತರುವವರು ಯಾರು?

ಒಳಗಿದ್ದವರೇ ಬರೆದಿಟ್ಟ ಮಾತು ಸಿಗುವುದು ಅಪರೂಪ, ಏಕೆಂದರೆ ಬಹುಪಾಲು ಕೈದಿಗಳಿಗೆ ಅಕ್ಷರ ಬರುತ್ತಿರಲಿಲ್ಲ. ಲ್ಯಾಂಕಾಸ್ಟರಿನ ಪುಣ್ಯಕ್ಕೆ ಜಾರ್ಜ್ ಫಾಕ್ಸ್ ಅಲ್ಲಿ ಸೆರೆಯಿದ್ದ. ಕ್ವೇಕರ್ ಎಂಬ ಕ್ರೈಸ್ತ ಪಂಥ ಕಟ್ಟಿದವನು. ಅವನ ಜನ ಯಾರ ಮುಂದೆಯೂ ಪ್ರಮಾಣ ಮಾಡುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವವನಿಗೆ ಪ್ರಮಾಣ ಏಕೆ ಬೇಕು ಎನ್ನುತ್ತಾರೆ. ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪಲಿಲ್ಲವೆಂದು 1664ರಲ್ಲಿ ಅವನನ್ನು ಇಲ್ಲಿಗೆ ತಂದರು. ಅವನಿಗೆ ಕೊಟ್ಟ ಗೋಪುರದ ಕೋಣೆಗೆ ಕೆಳಗಿನ ಕೈದಿಗಳು ಹಾಕಿದ ಬೆಂಕಿಯ ಹೊಗೆ ಬಂದು ತುಂಬಿಕೊಳ್ಳುತ್ತಿತ್ತು. ಉರಿಯುವ ಮೇಣದಬತ್ತಿಯೇ ಕಾಣದಷ್ಟು ದಟ್ಟ ಹೊಗೆ, ಗೋಡೆಯ ಮೇಲೆ ಇಬ್ಬನಿಯಂತೆ ಕೂರುತ್ತಿತ್ತು ಎನ್ನುತ್ತಾನೆ. ಮಳೆ ನೇರ ಹಾಸಿಗೆಯ ಮೇಲೆ ಬೀಳುತ್ತಿತ್ತು. ಆ ಚಳಿಗಾಲವಿಡೀ ಅಲ್ಲೇ ಕಳೆದು ಮೈ ಊದಿಕೊಂಡು ಕೈಕಾಲು ಜೋಮು ಹಿಡಿದುಹೋದವು. ಅದೇ ಕೋಟೆಯಲ್ಲಿ 1664ರಿಂದ 1668ರವರೆಗೆ ಇದ್ದ, ಅದೇ ಪಂಥದ ಮಾರ್ಗರೆಟ್ ಫೆಲ್, ದೇವರ ವಿಷಯ ಮಾತಾಡಲು ಹೆಂಗಸರಿಗೂ ಹಕ್ಕಿದೆ ಎಂದು ವಾದಿಸುವ ಪುಸ್ತಕವನ್ನು ಸೆರೆಯಲ್ಲೇ ಕೂತು ಬರೆದಳು. ಅದು 1666ರಲ್ಲಿ ಅಚ್ಚಾಯಿತು. ನಮ್ಮ ಅಕ್ಕನ, ನೀಲಮ್ಮನ ವಚನ ಓದಿ ಬೆಳೆದವರಿಗೆ ಆ ವಾದ ಹೊಸದೇನೂ ಅನ್ನಿಸಲಿಕ್ಕಿಲ್ಲ. ಆದರೆ ಹೊಗೆ ಕವಿದ ಆ ಕೋಟೆಯಲ್ಲಿ ಕೂತು ಅದನ್ನು ಬರೆದಳು ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಈಗ ಸಾಲಗಾರರ ವಿಷಯ. ಸಾಲ ಕೊಟ್ಟವನು ದೂರು ಕೊಟ್ಟರೆ ಸಾಕು, ಸಾಲ ತೀರುವವರೆಗೆ ಸಾಲಗಾರನನ್ನು ಕೋಟೆಯೊಳಗೆ ಇರಿಸಬಹುದಿತ್ತು. ಶಿಕ್ಷೆಗೆ ಅವಧಿಯಿದೆ, ಸಾಲಕ್ಕೆ ಅವಧಿಯಿಲ್ಲ. ಹಾಗಾಗಿ ಕುರಿ ಕದ್ದವನಿಗಿಂತ ಅಂಗಡಿ ಮುಳುಗಿದವನೇ ಹೆಚ್ಚು ವರ್ಷ ಒಳಗಿರಬಹುದಿತ್ತು. 1776ರ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸಿನ ಸೆರೆಮನೆಗಳಲ್ಲಿ ಎಣಿಸಿದಾಗ ಸಿಕ್ಕ ಕೈದಿಗಳು 4,084 ಮಂದಿ. ಅವರಲ್ಲಿ 2,437 ಜನ ಸಾಲಗಾರರು. ಅಂದರೆ ಐವರಲ್ಲಿ ಮೂವರು.

ಇವರ ಜೀವನ ಕತ್ತಲ ಕೋಣೆಯದ್ದಲ್ಲ. ಕೋಟೆಯ ಅಂಗಳ ಅವರಿಗೆ ಊರ ಸಂತೆಯ ಹಾಗಿತ್ತು. ಚಮ್ಮಾರ ಚಪ್ಪಲಿ ಹೊಲಿಯುತ್ತಿದ್ದ, ನೇಕಾರ ಮಗ್ಗ ಹೂಡುತ್ತಿದ್ದ, ಹೆಂಡತಿ ಮಕ್ಕಳು ಹಗಲೆಲ್ಲ ಬಂದು ಹೋಗುತ್ತಿದ್ದರು. ಕೈಯಲ್ಲಿ ಸ್ವಲ್ಪ ಕಾಸಿದ್ದವನು ಒಳ್ಳೆಯ ಕೋಣೆಗೆ ಬಾಡಿಗೆ ಕೊಟ್ಟು, ಬಡ ಸಾಲಗಾರನೊಬ್ಬನನ್ನು ಅಡುಗೆಗೆ, ಪಾತ್ರೆಗೆ ಇಟ್ಟುಕೊಳ್ಳುತ್ತಿದ್ದ. 1833ರಿಂದ ಮೂರು ದಶಕ ಜೈಲಿನ ಮುಖ್ಯಸ್ಥನಾಗಿದ್ದ ಕ್ಯಾಪ್ಟನ್ ಹ್ಯಾನ್ಸ್‌ಬ್ರೋ ಹೆಸರಿನಲ್ಲಿ ಜನ ಈ ಭಾಗವನ್ನು ಹ್ಯಾನ್ಸ್‌ಬ್ರೋ ಹೋಟೆಲ್ ಎಂದು ಕರೆಯುತ್ತಿದ್ದರು. ನಮ್ಮಲ್ಲಿ ಜೈಲಿಗೆ ಮಾವನ ಮನೆ ಅನ್ನುವುದಿಲ್ಲವೇ, ಹಾಗೆ. ಹೆಸರು ಕೇಳಿ ಅಲ್ಲಿ ಸುಖವಿತ್ತು ಅಂದುಕೊಳ್ಳಬೇಡಿ. ದುಡಿಯುವ ಕೈಯನ್ನು ಒಳಗೆ ಕೂಡಿಟ್ಟು ಸಾಲ ವಸೂಲಿಗೆ ಕಾಯುವುದರಲ್ಲಿ ಎಂಥ ಬುದ್ಧಿವಂತಿಕೆಯೂ ಇಲ್ಲ. ಬಹಳ ಸಲ ತೀರಿಸುತ್ತಿದ್ದದ್ದು ತಮ್ಮಂದಿರು, ಮಾವಂದಿರು, ಅಂದರೆ ಮನೆತನದ ಮರ್ಯಾದೆಗೆ ಹೆದರಿದವರು. ವಸೂಲಿಯ ಗುಟ್ಟು ಅದೇ ಆಗಿತ್ತು ಎಂದು ನನಗನ್ನಿಸುತ್ತದೆ. 1869ರ ಕಾಯಿದೆ ಬಂದಮೇಲೆ ಈ ಪದ್ಧತಿ ಬಹುಮಟ್ಟಿಗೆ ನಿಂತಿತು.

ಮೇಲೆ ಹೇಳಿದ ಆ ಎಣಿಕೆ ಮಾಡಿದವನು ಜಾನ್ ಹೋವರ್ಡ್. ಅವನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಿಮ್ಮ ತಂದೆಯವರ ಪ್ರಶ್ನೆಯನ್ನು ಇಂಗ್ಲೆಂಡಿನಲ್ಲಿ ಪಟ್ಟು ಹಿಡಿದು ಕೇಳಿದವನು ಅವನೇ. 1773ರಲ್ಲಿ ಅವನು ಬೆಡ್‌ಫರ್ಡ್‌ಶೈರ್ ಕೌಂಟಿಯ ಶೆರಿಫ್ ಆದ, ಅಂದರೆ ಅಲ್ಲಿನ ಜೈಲಿನ ಹೊಣೆಯೂ ಇದ್ದ ಅಧಿಕಾರಿ. ಆ ಹುದ್ದೆ ಬಹುತೇಕರಿಗೆ ಒಂದು ಅಲಂಕಾರ. ಇವನು ಜೈಲಿನೊಳಗೆ ಹೋಗಿ ನೋಡಿದ. ನಿರಪರಾಧಿ ಎಂದು ತೀರ್ಪಾದವರನ್ನು, ದೂರುದಾರನೇ ಬಾರದೆ ಕೇಸು ಬಿದ್ದುಹೋದವರನ್ನು ಶುಲ್ಕ ಬಾಕಿಗಾಗಿ ಮತ್ತೆ ಒಳಗೆ ಎಳೆದುಕೊಂಡು ಹೋಗುವುದು ಅವನ ಕಣ್ಣಿಗೆ ಬಿತ್ತು. ಜೈಲರನಿಗೆ ಸಂಬಳ ಕೊಟ್ಟುಬಿಡಿ, ಈ ವಸೂಲಿ ನಿಲ್ಲುತ್ತದೆ ಎಂದು ನ್ಯಾಯಾಧಿಕಾರಿಗಳನ್ನು ಕೇಳಿದ. ಬೇರೆ ಕೌಂಟಿಯಲ್ಲಿ ಹಾಗೆ ಕೊಡುವ ಪದ್ಧತಿ ಇದೆಯೇ, ಇದ್ದರೆ ತೋರಿಸು ಎಂದರು. ತೋರಿಸುತ್ತೇನೆಂದು ಕುದುರೆ ಹತ್ತಿ ಹೊರಟ. ಎಲ್ಲೂ ಸಿಗಲಿಲ್ಲ. ಹೋದಲ್ಲೆಲ್ಲ ಅದಕ್ಕಿಂತ ಕೆಟ್ಟದ್ದೇ ಸಿಕ್ಕಿತು. ಆಮೇಲೆ ಅವನು ತಿರುಗಾಟ ನಿಲ್ಲಿಸಲೇ ಇಲ್ಲ. ಲ್ಯಾಂಕಾಸ್ಟರ್ ಕೋಟೆಗೂ ಹಲವು ಸಲ ಬಂದು ಹೋದ.

ಅವನು ಹೇಳಿಕೊಂಡ ಒಂದು ಸಣ್ಣ ಸಂಗತಿಯಲ್ಲಿ ಆ ಕಾಲದ ಸೆರೆಮನೆಯ ವಾಸನೆ ನಮ್ಮ ಮೂಗಿಗೇ ಬಡಿಯುತ್ತದೆ. ಜೈಲಿನಿಂದ ಹೊರಬಂದಾಗ ಬಟ್ಟೆ ಎಷ್ಟು ನಾರುತ್ತಿತ್ತೆಂದರೆ ಮುಚ್ಚಿದ ಸಾರೋಟಿನಲ್ಲಿ ಕೂರಲಾಗದೆ ಕುದುರೆಯ ಮೇಲೇ ಪ್ರಯಾಣ ಮಾಡಬೇಕಿತ್ತು. ಟಿಪ್ಪಣಿ ಬರೆದುಕೊಂಡ ಪುಸ್ತಕದ ಹಾಳೆಗಳನ್ನು ಒಂದೆರಡು ಗಂಟೆ ಬೆಂಕಿಯ ಮುಂದೆ ಹರವಿದ ಮೇಲೇ ಅದನ್ನು ಬಳಸಲು ಸಾಧ್ಯ. ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ ವಿನಿಗರ್ ಸೀಸೆಗೂ ಆ ನಾತ ಹಿಡಿದು, ಅದೂ ಕೆಲಸಕ್ಕೆ ಬಾರದಂತಾಗುತ್ತಿತ್ತು. ಕಾಗದಕ್ಕೆ ಹಿಡಿದ ನಾತ ಹೀಗಾದರೆ, ಅಲ್ಲೇ ಮಲಗಿ ಎದ್ದವರ ಪಾಡೇನು?

ನಾತದ ಜೊತೆ ಜ್ವರವೂ ಇತ್ತು. ಜೈಲು ಜ್ವರ ಎಂದೇ ಅದಕ್ಕೆ ಹೆಸರು, ಈಗಿನ ಮಾತಿನಲ್ಲಿ ಟೈಫಸ್. ಹರಡುತ್ತಿದ್ದದ್ದು ಮೈಹೇನು. 1773, 74ರಲ್ಲಿ ತಾನು ಕಂಡದ್ದರ ಮೇಲೆ ಹೋವರ್ಡ್ ಹೇಳುವುದು, ಇಡೀ ದೇಶದ ಗಲ್ಲುಗಂಬಗಳು ಕೊಂದವರಿಗಿಂತ ಈ ಜ್ವರ ಕೊಂದ ಕೈದಿಗಳೇ ಹೆಚ್ಚು ಎಂದು. ಅದು ಕೋರ್ಟಿನವರನ್ನೂ ಬಿಡುತ್ತಿರಲಿಲ್ಲ. 1577ರಲ್ಲಿ ಆಕ್ಸ್‌ಫರ್ಡ್ ಕೋಟೆಯಲ್ಲಿ ನಡೆದ ಅಸೈಜಿನಲ್ಲಿ ನ್ಯಾಯಾಧೀಶರು, ಶೆರಿಫ್, ಪಂಚರು ಸೇರಿ ಸುಮಾರು 300 ಜನ ಸತ್ತರು. ಅದಕ್ಕೆ ಕರಾಳ ಅಸೈಜ್ ಎಂಬ ಹೆಸರೇ ನಿಂತಿತು.

1774ರಲ್ಲಿ ಎರಡು ಕಾಯಿದೆಗಳು ಬಂದವು. ನಿರಪರಾಧಿ ಎಂದಾದವರನ್ನು ಶುಲ್ಕಕ್ಕಾಗಿ ಹಿಡಿದಿಡಬಾರದು ಎಂದು ಒಂದು. ವರ್ಷಕ್ಕೊಮ್ಮೆಯಾದರೂ ಗೋಡೆ ಕೆರೆದು ಸುಣ್ಣ ಹೊಡೆಯಬೇಕು, ರೋಗಿಗಳಿಗೆ ಬೇರೆ ಕೋಣೆ ಇರಬೇಕು ಎಂದು ಇನ್ನೊಂದು. ಜೆನೆಟ್ ಡಿವೈಸಳ ಹೆಸರು ಆ ಪಟ್ಟಿಯಲ್ಲಿ ಕೂತು ಆಗ 138 ವರ್ಷ ಕಳೆದಿತ್ತು. ಶುಲ್ಕ ಎಂಬುದೇ ಪೂರ್ತಿ ರದ್ದಾದದ್ದು 1815ರಲ್ಲಿ. ಹೋವರ್ಡ್ ಅಷ್ಟು ಹೊತ್ತಿಗೆ ಇರಲಿಲ್ಲ, 1790ರಲ್ಲಿ ಕಪ್ಪು ಸಮುದ್ರದ ಹತ್ತಿರದ ಖೆರ್ಸಾನಿನಲ್ಲಿ ಜ್ವರ ಬಂದು ತೀರಿಕೊಂಡಿದ್ದ. (ಇದನ್ನೆಲ್ಲ ಹಳೆಯ ಕಥೆ ಎಂದು ಓದುವಾಗ ನಮ್ಮದೂ ನೆನಪಿರಲಿ. ಭಾರತದ ಜೈಲುಗಳಲ್ಲಿ ಇಂದಿಗೂ ಸುಮಾರು ನಾಲ್ಕರಲ್ಲಿ ಮೂವರು ವಿಚಾರಣಾಧೀನರು, ಮತ್ತು ಜಾಮೀನು ಸಿಕ್ಕರೂ ಬಾಂಡಿನ ಹಣ ಹೊಂದಿಸಲಾಗದೆ ಒಳಗೇ ಉಳಿದವರಿದ್ದಾರೆ.)

ನೀವು ಈಗ ನೋಡಿದ ಕೋಟೆಯ ಬಹುಭಾಗ ಹೋವರ್ಡ್ ಎಬ್ಬಿಸಿದ ಈ ಗಾಳಿಯಲ್ಲಿ ಎದ್ದದ್ದು. 1788ರಿಂದ ಥಾಮಸ್ ಹ್ಯಾರಿಸನ್ ಎಂಬ ವಾಸ್ತುಶಿಲ್ಪಿ ಜೈಲರನ ಮನೆ, ಹೆಂಗಸರ ಸೆರೆ, ಗಂಡಸರ ಸೆರೆ, ಸಾಲಗಾರರ ಭಾಗ ಎಂದು ಬೇರೆಬೇರೆಯಾಗಿ ಕಟ್ಟಿಸಿದ. ಅದಕ್ಕೂ ಮುಂಚೆ ಎಲ್ಲರೂ ಬೆರಕೆಯಾಗಿರುತ್ತಿದ್ದರು ಎಂದರೆ ಈ ವಿಂಗಡಣೆಯ ಬೆಲೆ ತಿಳಿಯುತ್ತದೆ. ಬುದ್ಧಿ ಸ್ಥಿಮಿತ ತಪ್ಪಿದವರನ್ನೂ ಅಲ್ಲೇ ಇಡುತ್ತಿದ್ದರು, 1816ರಲ್ಲಿ ಊರ ಹೊರಗೆ ಆಸ್ಪತ್ರೆ ತೆರೆಯುವವರೆಗೆ. 1821ರ ಹೊತ್ತಿಗೆ ಜೋಸೆಫ್ ಗ್ಯಾಂಡಿ ಹೆಂಗಸರಿಗಾಗಿ ಅರ್ಧಚಂದ್ರಾಕಾರದ ಹೊಸ ಕಟ್ಟಡ ಮುಗಿಸಿದ. ನಡುವೆ ನಿಂತ ಒಬ್ಬರಿಗೆ ಸುತ್ತಲಿನ ಅಷ್ಟೂ ಕೋಣೆ ಕಾಣಬೇಕು, ಕೈದಿಗೆ ಮಾತ್ರ ತನ್ನನ್ನು ಈಗ ನೋಡುತ್ತಿದ್ದಾರೋ ಇಲ್ಲವೋ ತಿಳಿಯಬಾರದು. ಇಂಗ್ಲಿಷ್ ಚಿಂತಕ ಜೆರೆಮಿ ಬೆಂಥಮ್ 1791ರಲ್ಲಿ ಪ್ರಕಟಿಸಿದ್ದ ಕಲ್ಪನೆ ಇದು. ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋದವರು ಹಳೆಯ ಸೆಂಟ್ರಲ್ ಜೈಲಿನ ಕಾವಲು ಗೋಪುರ ನೋಡಿರುತ್ತೀರಿ. ಎಲ್ಲ ಕಡೆಗೂ ಕಣ್ಣು ಹಾಯುವ ಜಾಗದಲ್ಲಿ ಅದನ್ನು ನಿಲ್ಲಿಸಿರುವುದರ ಹಿಂದೆ ಇರುವುದೂ ಇಂಥದೇ ಲೆಕ್ಕ.

ಹೊಸ ಜೈಲಿನಲ್ಲಿ ಅನ್ನ ಸಿಕ್ಕಿತು, ಸುಣ್ಣ ಹೊಡೆದ ಗೋಡೆ ಸಿಕ್ಕಿತು. ಬದಲಿಗೆ ಮಾತು ಹೋಯಿತು. ಕೈದಿಗಳು ಒಬ್ಬರನ್ನೊಬ್ಬರು ಕೆಡಿಸುತ್ತಾರೆ, ಒಂಟಿಯಾಗಿ ಬಿಟ್ಟರೆ ಪಶ್ಚಾತ್ತಾಪ ಹುಟ್ಟುತ್ತದೆ ಎಂಬ ನಂಬಿಕೆ ಬಲವಾಯಿತು. ಇದರ ಅತಿರೇಕ ನೋಡಬೇಕಾದರೆ ಒಮ್ಮೆ ಲಿಂಕನ್ ಕೋಟೆಗೆ ಹೋಗಿ ಬನ್ನಿ. ಅಲ್ಲಿ 1848ರಿಂದ 1878ರವರೆಗೆ ನಡೆದ ಸೆರೆಮನೆಯ ಪ್ರಾರ್ಥನಾ ಮಂದಿರ ಹಾಗೇ ಉಳಿದಿದೆ. ಒಬ್ಬೊಬ್ಬ ಕೈದಿಗೂ ನಿಲ್ಲಿಸಿದ ಶವಪೆಟ್ಟಿಗೆಯಂಥ ಮರದ ಗೂಡು. ಒಳಗೆ ನಿಂತರೆ ಎದುರಿನ ಪಾದ್ರಿಯ ಮುಖ ಮಾತ್ರ ಕಾಣುತ್ತದೆ, ಪಕ್ಕದವನ ಭುಜವೂ ಕಾಣುವುದಿಲ್ಲ. ದುಡಿಮೆಯೂ ಹಾಗೇ. ವಿಲಿಯಂ ಕ್ಯೂಬಿಟ್ 1818ರಲ್ಲಿ ರೂಪಿಸಿದ ಟ್ರೆಡ್‌ವೀಲ್ ಎಂಬ ಹಲಗೆಚಕ್ರವನ್ನು ಮೆಟ್ಟಿಲು ಹತ್ತಿದಂತೆ ಗಂಟೆಗಟ್ಟಲೆ ತುಳಿಯಬೇಕು, ಎಷ್ಟು ಹತ್ತಿದರೂ ಇದ್ದಲ್ಲೇ. ಅಥವಾ ಟಾರು ಹತ್ತಿದ ಹಳೆಯ ಹಡಗಿನ ಹಗ್ಗವನ್ನು ಉಗುರಿನಿಂದ ಎಳೆ ಎಳೆಯಾಗಿ ಬಿಡಿಸಬೇಕು. ಹಳೆಯ ಕೋಟೆಯ ಗಲೀಜಿಗಿಂತ ಈ ಶುಚಿಯಾದ ಮೌನ ಒಳ್ಳೆಯದಾಗಿತ್ತೇ? ಜ್ವರದಿಂದ ಸಾಯುವುದು ತಪ್ಪಿತಲ್ಲ ಎಂಬ ಕಾರಣಕ್ಕೆ ಹೌದು ಎನ್ನುತ್ತೇನೆ. ಆದರೆ ಹಗಲೆಲ್ಲ ಹೆಂಡತಿ ಮಕ್ಕಳ ದನಿ ಕೇಳಿಸುತ್ತಿದ್ದ ಆ ಸಾಲಗಾರರ ಅಂಗಳವನ್ನು ನೆನೆದಾಗ ಆ ಹೌದು ಗಟ್ಟಿಯಾಗಿ ಬಾಯಿಂದ ಬರುವುದಿಲ್ಲ.

ಗಲ್ಲಿನ ವಿಷಯ ನೀವು ಕೇಳಲಿಲ್ಲ, ನಾನೂ ಬೆಳೆಸುವುದಿಲ್ಲ. ಲ್ಯಾಂಕಾಸ್ಟರಿಗೆ ಗಲ್ಲಿನ ಊರು ಎಂಬ ಹೆಸರಿತ್ತು. 1782ರಿಂದ 1865ರೊಳಗೆ ಸುಮಾರು 265 ಜನರನ್ನು ಅಲ್ಲಿ ಗಲ್ಲಿಗೇರಿಸಿದರು, ಬಹುಪಾಲು ಕೊಲೆಗಲ್ಲ, ಕಳವು ಮತ್ತು ಖೋಟಾ ನೋಟಿನಂಥ ಅಪರಾಧಗಳಿಗೆ. 1800ರವರೆಗೆ ಗಾಡಿಯಲ್ಲಿ ಊರ ಹೊರಗೆ ಒಯ್ಯುತ್ತಿದ್ದರು, ಆಮೇಲೆ ಕೋಟೆಯ ಗೋಡೆಯ ಮೂಲೆಯಲ್ಲೇ. ಜನ ಪಕ್ಕದ ಚರ್ಚಿನ ಸ್ಮಶಾನದಲ್ಲಿ ನಿಂತು ನೋಡುತ್ತಿದ್ದರು. ಕೋಟೆಯಲ್ಲಿ ಚಕ್ರ ಜೋಡಿಸಿದ ಮರದ ಕುರ್ಚಿಯೊಂದನ್ನು ತೋರಿಸುತ್ತಾರೆ. ಅದು 1828ರಲ್ಲಿ ತಾಯಿಗೆ ವಿಷವಿಟ್ಟ ಆರೋಪದಲ್ಲಿ ಗಲ್ಲಾದ ಜೇನ್ ಸ್ಕಾಟ್‌ಗಾಗಿ. ಸೆರೆಯಲ್ಲಿ ಎಷ್ಟು ಬಡವಾಗಿದ್ದಳೆಂದರೆ ನಡೆದು ಬರಲಾಗದ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದರು.

ಕೊನೆಯ ಪ್ರಶ್ನೆ. ಹೌದು, 2011ರವರೆಗೂ ಅದು ಜೈಲಾಗಿತ್ತು, ಆದರೆ ಸತತವಾಗಿ ಅಲ್ಲ. 1878ರಲ್ಲಿ ಕೌಂಟಿಯ ಕೈಯಿಂದ ಸರ್ಕಾರದ ಕೈಗೆ ಬಂತು. ಕೈದಿಗಳ ಸಂಖ್ಯೆ ಇಳಿದು, ಒಂದನೇ ಮಹಾಯುದ್ಧದ ನಡುವೆ, 1916ರಲ್ಲಿ ಮುಚ್ಚಿತು. 1930ರ ದಶಕದಲ್ಲಿ ಕೆಲವು ವರ್ಷ ಪೊಲೀಸರ ತರಬೇತಿ ನಡೆಯಿತು. ಕೋಟೆ ಇಂದಿಗೂ ಡಚಿ ಆಫ್ ಲ್ಯಾಂಕಾಸ್ಟರಿನ ಸ್ವತ್ತು, ಅಂದರೆ ರಾಜ ಅಥವಾ ರಾಣಿಗೆ ಸೇರಿದ ಜಹಗೀರು. 1955ರಲ್ಲಿ ಸರ್ಕಾರ ಅದನ್ನು ಗುತ್ತಿಗೆಗೆ ಪಡೆದು ಮತ್ತೆ ಜೈಲು ಮಾಡಿತು. ಅಲ್ಲಿಂದ 2011ರ ಮಾರ್ಚ್‌ವರೆಗೆ ಗಂಡಸರ ಸೆರೆಮನೆಯಾಗಿ ನಡೆಯಿತು. ಕಟ್ಟಡ ಹಳತು, ನಡೆಸುವ ಖರ್ಚು ಹೆಚ್ಚು ಎಂದು ಬಾಗಿಲು ಹಾಕಿದರು. ಹೋವರ್ಡನ ಕಾಲದ ಅಂಗಳದಲ್ಲಿ ಮೊಬೈಲ್ ಕಾಲದ ಕೈದಿಗಳೂ ಸುತ್ತು ಹಾಕಿದ್ದಾರೆ ಎಂದಾಯಿತು.

ಕೋರ್ಟು ಮಾತ್ರ ಇನ್ನೂ ನಡೆಯುತ್ತಿದೆ. 1974ರಲ್ಲಿ ಬರ್ಮಿಂಗ್‌ಹ್ಯಾಮಿನ ಪಬ್‌ಗಳಲ್ಲಿ ಬಾಂಬ್ ಸ್ಫೋಟಿಸಿ 21 ಜನ ಸತ್ತ ಪ್ರಕರಣದ ಆರು ಆರೋಪಿಗಳ ವಿಚಾರಣೆ 1975ರಲ್ಲಿ ನಡೆದದ್ದು ಇದೇ ಕೋಟೆಯೊಳಗೆ. ಆರೂ ಮಂದಿಗೆ ಜೀವಾವಧಿ ಆಯಿತು. ಆ ತೀರ್ಪು ತಪ್ಪು ಎಂದು ಒಪ್ಪಿ ಅವರನ್ನು ಬಿಟ್ಟದ್ದು 1991ರಲ್ಲಿ.

ಕೋರ್ಟ್ ಕಲಾಪ ಇದ್ದ ದಿನ ಪ್ರವಾಸಿಗರಿಗೆ ಆ ಕೋಣೆಗಳನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ನೀವು ಹೋದದ್ದು ವಾರದ ನಡುವೆಯಾಗಿದ್ದರೆ ಅದು ತಪ್ಪಿಹೋಗಿರುತ್ತದೆ. ಇನ್ನೊಮ್ಮೆ ಶನಿವಾರವೋ ಭಾನುವಾರವೋ ಹೋಗಿ, ಕ್ರೌನ್ ಕೋರ್ಟಿನ ಕಟಕಟೆಯ ಹಿಂಭಾಗ ನೋಡಿ. ಅಪರಾಧಿಯ ಅಂಗೈಯನ್ನು ಅಲ್ಲಾಡದಂತೆ ಬಿಗಿಯುವ ಕಬ್ಬಿಣದ ಹಿಡಿಕೆ, ಜೊತೆಗೆ ಹೆಬ್ಬೆರಳಿನ ಬುಡಕ್ಕೆ ಬರೆ ಎಳೆಯುವ ಕಬ್ಬಿಣ ಇನ್ನೂ ಅಲ್ಲೇ ಇವೆ. ಅದರ ತುದಿಯಲ್ಲಿ ಇಂಗ್ಲಿಷಿನ ಎಂ ಅಕ್ಷರ, ದುಷ್ಕರ್ಮಿ ಎಂಬ ಅರ್ಥದ ಪದದ ಮೊದಲಕ್ಷರ. ಮುಂದೆ ಯಾವತ್ತಾದರೂ ಅದೇ ಮನುಷ್ಯ ಕೋರ್ಟಿಗೆ ಬಂದರೆ ಕೈ ಎತ್ತಲು ಹೇಳುತ್ತಿದ್ದರು, ಹಳೆಯ ಅಪರಾಧಿಯೋ ಹೊಸಬನೋ ಎಂದು ಅಂಗೈ ನೋಡಿಯೇ ತಿಳಿಯುತ್ತಿತ್ತು.